ಹಾಲಿನ ಕವರ್ ಮತ್ತು ಹೆದ್ದಾರಿ

ಬೆಳಿಗ್ಗೆ ಹಾಲಿನ ಕವರ್ ಕತ್ತರಿಸುವಾಗ ಮೂಲೆಯ ಚೂರು ಹಾರಿ ಸಿಂಕಿಗೆ ಅಂಟಿಕೊಂಡಿತು. ಉಗುರಿನಷ್ಟು ತುಂಡು, ಬಿಡಿಸೋಕೆ ಎರಡು ನಿಮಿಷ!

ಮದುರೈನ ರಾಜಗೋಪಾಲನ್ ವಾಸುದೇವನ್ ಮೇಷ್ಟ್ರು ನೆನಪಾದರು. ಪ್ಲಾಸ್ಟಿಕ್ ಕಸ ಬೆರೆಸಿ ರಸ್ತೆ ಹಾಕೋ ದಾರಿ ತೋರಿಸಿ 2018ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ. ಪ್ಲಾಸ್ಟಿಕ್ಕಿನ ಈ ಅಂಟುವ ಗುಣವನ್ನೇ ಅವರು ಹಿಡಿದದ್ದು. ಜಲ್ಲಿಯನ್ನು ಸುಮಾರು 160 ಡಿಗ್ರಿಗೆ ಕಾಯಿಸಿ ಚೂರು ಉದುರಿಸಿದರೆ, ಒಬ್ಬಟ್ಟಿಗೆ ತುಪ್ಪ ಸವರಿದ ಹಾಗೆ ಕಲ್ಲಿಗೆಲ್ಲ ತೆಳ್ಳಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಡಾಂಬರು. ನೀರು ಒಳಗಿಳಿಯೋದು ಕಷ್ಟ.

2015ರಲ್ಲಿ ಕೇಂದ್ರವೂ ಹೆದ್ದಾರಿಗೆ ಇದನ್ನು ಬಳಸಿ ಅಂದಿತು. ಸರಿ. ಆದರೆ ಪ್ಲಾಸ್ಟಿಕ್ ಒಣಗಿ, ಬೇರೆಯಾಗಿ ಬರಬೇಕಲ್ವಾ? ನಮ್ಮನೆಯ ಕವರ್ ಹೋಗೋದು ಹಳಸಿದ ಸಾರಿನ ಜೊತೆ, ಒಂದೇ ಬಕೆಟ್ಟಿಗೆ.

ಇವತ್ತು ತೊಳೆದು ಕಿಟಕಿ ಸರಳಿಗೆ ನೇತುಹಾಕಿದ್ದೇನೆ. ಅಮ್ಮ ನೋಡಿ, "ಇದೇನೋ, ಬಾವುಟಾನಾ?" ಅಂದಳು.