ಬಸ್ ನಿಲ್ದಾಣದ ಗುಳಿಗೆ

ಇಂದು ಧಾರವಾಡದ ಲೈನ್ ಬಜಾರಿನಲ್ಲಿ ಚಹಾ ಕುಡಿಯುವಾಗ ಸಯನೈಡ್ ಮೋಹನನ ಮಾತು ಬಂದು, ಹಿರಿಯರೊಬ್ಬರು "ಅಷ್ಟ್ ಮಂದಿ ಹೆಣ್ಮಕ್ಕಳು ಅವನ್ನ ಹ್ಯಾಂಗ ನಂಬಿದ್ರು?" ಎಂದು ಕೇಳಿದರು.

ಆತ ದಕ್ಷಿಣ ಕನ್ನಡದ ಶಾಲಾ ಶಿಕ್ಷಕನಾಗಿದ್ದವನು. ವರದಕ್ಷಿಣೆ ಬೇಡವೆಂದು ಮದುವೆಯ ಮಾತು ಕೊಟ್ಟು, ಪರ ಊರಿನ ಲಾಡ್ಜಿನಲ್ಲಿ ರಾತ್ರಿ ಕಳೆದು, ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿಟ್ಟು, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದ ಗುಳಿಗೆಯೆಂದು ಸಯನೈಡ್ ಕೊಡುತ್ತಿದ್ದ. ಶೌಚಾಲಯದೊಳಗೆ ಹೋಗಿ ನುಂಗಬೇಕೆಂಬುದು ಅವನ ಸೂಚನೆ. ಇಂತಹ 20 ಕೊಲೆಗಳ ಆರೋಪ ಅವನ ಮೇಲೆ ಬಂತು.

ಅಪರಾಧ ನಡೆಯಲು ಮನಸ್ಸು ಮಾಡಿದವನು, ಕೈಗೆಟಕುವ ಗುರಿ, ಕಾಯುವವರಿಲ್ಲದ ಹೊತ್ತು ಮೂರೂ ಕೂಡಬೇಕೆಂದು ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಬರೆದರು. ಮೊದಲನೆಯದು ಮೋಹನ, ಒಪ್ಪೋಣ. ಮದುವೆಗೆ ಹಣವಿಲ್ಲದ ಮನೆಯ ಹುಡುಗಿಯನ್ನು ಅವನ ಕೈಗೆಟಕಿಸಿದ್ದು ಮಾತ್ರ ನಮ್ಮದೇ ವರದಕ್ಷಿಣೆ. (ಚಹಾದಂಗಡಿಯಲ್ಲಿ ಈ ಮಾತು ಯಾರಿಗೂ ರುಚಿಸಲಿಲ್ಲ.) ಇನ್ನು ಕಾಯುವವರೂ ಇರಲಿಲ್ಲ: ಮಗಳು ಯಾರೊಂದಿಗೋ ಹೋದಳೆಂಬ ನಾಚಿಕೆಗೆ ಮನೆಯವರು ಸುಮ್ಮನಾದರೆ, ಇತ್ತ ನಿಲ್ದಾಣದ ಶವ ಗುರುತು ಸಿಗದ ಅಸಹಜ ಸಾವಾಗಿ ದಾಖಲಾಗುತ್ತಿತ್ತು.

2009ರಲ್ಲಿ ಬಂಟ್ವಾಳದ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಅವಳ ಸಮುದಾಯದವರು ಪ್ರತಿಭಟನೆಗೆ ಇಳಿದ ಮೇಲೆಯೇ ತನಿಖೆ ಚುರುಕಾಗಿ, ಮೊಬೈಲ್ ಕರೆಗಳ ಜಾಡು ಹಿಡಿದ ಪೊಲೀಸರು ಅವನನ್ನು ಬಂಧಿಸಿದರು.