ಕೀ ಕೊಡಬೇಡಿ ಭಾವ

ಆಕ್ಸಿಡೆಂಟ್ ಆದ ಮೇಲೆ ನಮ್ಮ ಹತ್ತಿರ ಮೊದಲು ಬಂದವರು ಪೊಲೀಸರಲ್ಲ, ಆಂಬುಲೆನ್ಸೂ ಅಲ್ಲ. ಕ್ರೇನ್ ಹುಡುಗ. ಅವನಿಗೆ ಹೇಗೆ ಗೊತ್ತಾಯಿತೋ ಏನೋ, ನಾನಿನ್ನೂ ಸೀಟ್ ಬೆಲ್ಟ್ ಬಿಚ್ಚಿ ಇಳಿದು, ಹೆಂಡತಿಯ ಕೈ ನೋಡಿ, ಹಿಂದೆ ಕೂತಿದ್ದ ಅಮ್ಮನಿಗೆ ನೀರು ಕೊಡುವಷ್ಟರಲ್ಲಿ ಹಳದಿ ದೀಪ ತಿರುಗಿಸಿಕೊಂಡು ಒಂದು ಹಳೇ ಗಾಡಿ ಬಂದು ನಿಂತಿತ್ತು. "ಕೀ ಕೊಡಿ ಸಾರ್, ಸೈಡಿಗೆ ಹಾಕ್ತೀನಿ" ಅಂದ.

ಜಾಗ ತುಮಕೂರು ರಸ್ತೆ, ಮಾದಾವರದ ಹತ್ತಿರ. ಭಾನುವಾರ ರಾತ್ರಿ ಒಂಬತ್ತೂವರೆ. ತಿಪಟೂರಿನಲ್ಲಿ ದೊಡ್ಡಪ್ಪನ ಮಗನ ಗೃಹಪ್ರವೇಶ ಮುಗಿಸಿ ವಾಪಸ್ ಬರುತ್ತಿದ್ದೆವು, ನೆಲಮಂಗಲ ದಾಟಿದ ಮೇಲೆ ಮಳೆ ಶುರುವಾಯಿತು. ಮುಂದಿನ ಟೆಂಪೋ ಬ್ರೇಕ್ ಹಾಕಿತು, ನಾನೂ ಹಾಕಿದೆ, ಕಾರು ಮಾತ್ರ ನಿಲ್ಲಲಿಲ್ಲ. ಎಡಕ್ಕೆ ಎಳೆದೆ, ಸರ್ವೀಸ್ ರಸ್ತೆಗೂ ಮೇನ್ ರಸ್ತೆಗೂ ನಡುವೆ ಇರುವ ಕಲ್ಲಿನ ಕಟ್ಟೆಗೆ ಹೋಗಿ ಬಡಿಯಿತು. ಎಡಗಡೆ ಮುಂದಿನ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತ್ತು. ಏರ್‌ಬ್ಯಾಗ್ ಬಿಚ್ಚಿ ಕಾರೊಳಗೆಲ್ಲ ದೀಪಾವಳಿ ಪಟಾಕಿ ವಾಸನೆ. ಟೈರ್ ಸವೆದಿತ್ತು, ಬದಲಾಯಿಸಬೇಕು ಅಂತ ಮೂರು ತಿಂಗಳಿಂದ ಮುಂದಕ್ಕೆ ಹಾಕಿದ್ದೆ. ತಪ್ಪು ನನ್ನದೇ.

ಹೆಂಡತಿಯ ಮಣಿಕಟ್ಟು ಊದಿಕೊಂಡಿತ್ತು. ಹಿಂದೆ ಬರುತ್ತಿದ್ದ ಒಬ್ಬ ಕ್ಯಾಬ್ ಡ್ರೈವರ್ ತಾನಾಗಿಯೇ ನಿಲ್ಲಿಸಿ, ಅಮ್ಮನನ್ನೂ ಅವಳನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು, ದುಡ್ಡು ಕೊಡಲು ಹೋದರೆ ಬೈದರು. ಹೀಗೆ ಸಹಾಯ ಮಾಡಿದವರನ್ನು ಕೇಸು ಅಂತ ಸತಾಯಿಸಬಾರದು ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಅವರಿಗೆ ಅದೆಲ್ಲ ಗೊತ್ತಿತ್ತೋ ಇಲ್ಲವೋ, ಸುಮ್ನೆ ನಿಲ್ಲಿಸಿದ್ದರು ಅಷ್ಟೇ.

ಉಳಿದವರು ನಾನು ಮತ್ತು ಕ್ರೇನ್ ಹುಡುಗ. ಕೈ ನಡುಗುತ್ತಿತ್ತು. ಅಂಥ ಹೊತ್ತಲ್ಲಿ ಯಾರಾದರೂ ಜೋರಾಗಿ "ಕೊಡಿ" ಅಂದರೆ ಕೊಟ್ಟುಬಿಡುತ್ತೇವೆ, ಅಲ್ವಾ? ಕೀ ಚಾಚಿಯೂ ಇದ್ದೆ. ಅಷ್ಟರಲ್ಲಿ ಭಾವಮೈದುನನ ಫೋನು. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಕ್ಯಾಬಿನಿಂದ ಅವನಿಗೆ ಹೇಳಿದ್ದಳು. ಅವನು ಜೆ.ಸಿ. ರೋಡಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಈ ಲೋಕ ಅವನಿಗೆ ಗೊತ್ತು. "ಏಟಾಯ್ತಾ?" ಅಂತ ಕೇಳಿ, ಇಲ್ಲ ಅಂದ ಕೂಡಲೇ ಅವನ ಎರಡನೇ ಮಾತು: "ಕೀ ಕೊಡಬೇಡಿ ಭಾವ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಫ್ಲಾಟ್‌ಬೆಡ್ ಕಳಿಸ್ತೀನಿ." ಫ್ಲಾಟ್‌ಬೆಡ್ ಅಂದರೆ ಇಡೀ ಕಾರನ್ನು ಹಾಸಿನ ಮೇಲೆ ಹತ್ತಿಸಿಕೊಂಡು ಹೋಗುವ ಲಾರಿ.

ಅವನು ಹಾಗೆ ಹೇಳಲು ಕಾರಣ ಇತ್ತು. ನಾಲ್ಕು ವರ್ಷದ ಹಿಂದೆ ನನ್ನ ಹಳೇ ಕಾರು ಹೆಬ್ಬಾಳದಲ್ಲಿ ನಿಂತುಹೋಗಿತ್ತು. ಸಣ್ಣ ತೊಂದರೆ. ಸಿಕ್ಕಿದ ಕ್ರೇನಿನವನಿಗೆ ಒಪ್ಪಿಸಿದೆ. ಅವನು ಹಿಂದಿನ ಚಕ್ರ ಎತ್ತಿ, ಮುಂದಿನ ಚಕ್ರ ರಸ್ತೆ ಮೇಲೆ ಉರುಳಿಸಿಕೊಂಡು ಯಲಹಂಕದವರೆಗೆ ಎಳೆದುಕೊಂಡು ಹೋದ. ಅದು ಆಟೋಮ್ಯಾಟಿಕ್ ಗಾಡಿ, ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಅಂಥ ಗೇರ್‌ಬಾಕ್ಸಿನ ಒಳಗೆ ಆಯಿಲ್ ಓಡಿಸುವ ಪಂಪ್ ತಿರುಗುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಎಂಜಿನ್ ಆಫ್, ಚಕ್ರ ಮಾತ್ರ ತಿರುಗುತ್ತಿದೆ ಅಂದರೆ ಒಳಗಿನ ಹಲ್ಲು, ಕ್ಲಚ್ ಎಲ್ಲ ಎಣ್ಣೆಯಿಲ್ಲದೆ ಒಂದಕ್ಕೊಂದು ಉಜ್ಜಿಕೊಂಡು ಸುಡುತ್ತವೆ. ಕಾರು ನಿಂತ ತೊಂದರೆಗೆ ಆದ ಖರ್ಚು ಎರಡು ಸಾವಿರ. ಅದನ್ನು ಎಳೆದುಕೊಂಡು ಹೋದದ್ದಕ್ಕೆ ಆದ ಖರ್ಚು ಬರೆಯಲು ಈಗಲೂ ಹೊಟ್ಟೆ ಉರಿಯುತ್ತದೆ.

ಕ್ರೇನ್ ಹುಡುಗ ಅಷ್ಟರಲ್ಲಿ ಚೈನು ಕೈಯಲ್ಲಿ ಹಿಡಿದು ಬಂಪರ್ ಕೆಳಗೆ ಮಲಗಿದ್ದ. ಮುರಿದ ಚಕ್ರವನ್ನು ಹಿಡಿದಿರುವ ಲೋಹದ ತೋಳಿಗೆ, ಅಂದರೆ ಆರ್ಮ್‌ಗೆ, ಸುತ್ತಿ ಎತ್ತುವ ಯೋಚನೆ ಅವನದು. ಬೇಡ ಅಂದೆ. "ಪೊಲೀಸ್ ಬಂದ್ರೆ ಸ್ಟೇಷನ್‌ಗೆ ಹೋಗತ್ತೆ ಸಾರ್, ಆಮೇಲೆ ಬಿಡಿಸ್ಕೊಳೋದು ಕಷ್ಟ" ಅಂದ. ಬೇಡ ಅಂದೆ. ಐದು ಸಾವಿರ ಅಂದ, ಮೂರೂವರೆ ಅಂದ, ಗೊತ್ತಿರೋ ಗ್ಯಾರೇಜ್ ಇದೆ ಅಂದ. ಕೊನೆಗೆ ಬಂದದ್ದಕ್ಕೆ ಡೀಸೆಲ್ ದುಡ್ಡಾದರೂ ಕೊಡಿ ಅಂತ ಇನ್ನೂರು ಇಸ್ಕೊಂಡು ಹೋದ. ಆ ಗೊತ್ತಿರೋ ಗ್ಯಾರೇಜಿನ ಮರ್ಮ ಭಾವಮೈದುನ ಆಮೇಲೆ ಹೇಳಿದ. ಕಾರು ಒಮ್ಮೆ ಅಲ್ಲಿಗೆ ಹೋದರೆ ಬೇರೆ ಕಡೆ ಒಯ್ಯುವಾಗ ದಿನಕ್ಕಿಷ್ಟು ಅಂತ ನಿಲ್ಲಿಸಿದ ಬಾಡಿಗೆ ಕೇಳುತ್ತಾರಂತೆ. ಹುಡುಗನನ್ನು ಪೂರ್ತಿ ದೂರುವುದಿಲ್ಲ, ಮಳೆಯಲ್ಲಿ ನೆನೆದುಕೊಂಡು ಅದೇ ಅವನ ಹೊಟ್ಟೆಪಾಡು. ಆದರೆ ಎತ್ತುವುದೂ ಒಂದು ವಿದ್ಯೆ, ಅದು ಅವನಿಗೆ ಯಾರೂ ಕಲಿಸಿರಲಿಲ್ಲ.

112ಕ್ಕೆ ಫೋನ್ ಮಾಡಿದ್ದೆ, ಪೊಲೀಸರು ಬಂದು ನೋಡಿ, ಬೇರೆ ಗಾಡಿಗೆ ತಾಗಿಲ್ಲ ಅಂತ ಗಟ್ಟಿಮಾಡಿಕೊಂಡು, ವಿವರ ಬರೆದುಕೊಂಡರು. ಟೋಲ್ ಇರುವ ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಅಂತ ಇನ್ನೊಂದು ನಂಬರ್ ಇದೆ, ಗಸ್ತು ಗಾಡಿ, ಆಂಬುಲೆನ್ಸ್, ಕ್ರೇನ್ ಮೂರಕ್ಕೂ ಅದೇ. ಅವರ ಕ್ರೇನಿನ ಕೆಲಸ ರಸ್ತೆ ಖಾಲಿ ಮಾಡಿಸುವುದು, ನಮ್ಮ ಮೆಚ್ಚಿನ ಗ್ಯಾರೇಜಿಗೆ ತಲುಪಿಸುವುದಲ್ಲ.

ಫ್ಲಾಟ್‌ಬೆಡ್ ಬಂದಾಗ ಹನ್ನೊಂದು ದಾಟಿತ್ತು. ಇಳಿದವರಿಗೆ ಐವತ್ತರ ಹತ್ತಿರ ವಯಸ್ಸು, ಕುಣಿಗಲ್ ಕಡೆಯವರು, ತಲೆಗೆ ಟಾರ್ಚ್ ಕಟ್ಟಿಕೊಂಡಿದ್ದರು. ಕಾರು ನೋಡುವ ಮೊದಲು ಅವರು ನೋಡಿದ್ದು ನಾನಿಟ್ಟ ಕೆಂಪು ತ್ರಿಕೋನವನ್ನು. ಕಾರಿನಿಂದ ನಾಲ್ಕು ಹೆಜ್ಜೆ ಹಿಂದೆ ಇಟ್ಟಿದ್ದೆ.

"ಇದೇನ್ ಸಾರ್, ಕಾರಿಗೆ ಅಲಂಕಾರನಾ?"

ಅದನ್ನು ಎತ್ತಿಕೊಂಡು ಮಳೆಯಲ್ಲೇ ನಡೆದುಕೊಂಡು ಹೋಗಿ ಎಲ್ಲೋ ದೂರ ಇಟ್ಟು ಬಂದರು. ಎಂಬತ್ತರಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ನಾಲ್ಕು ಹೆಜ್ಜೆ ಅಂದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಒಂದೂವರೆ ಗಂಟೆ ನಾನು ಕಾರಿನ ಬಾಗಿಲಿಗೆ ಒರಗಿ ನಿಂತಿದ್ದೆ ಅಂತ ಅವರಿಗೆ ಹೇಳಲೇ ಇಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮೊದಲು ಮೊಬೈಲಿನಲ್ಲಿ ಸುತ್ತಲಿಂದಲೂ ಫೋಟೋ. ಎತ್ತುವ ಮೊದಲು ಯಾವ ಗೀರು ಇತ್ತು, ಆಮೇಲೆ ಯಾವುದು ಬಂತು ಅನ್ನುವ ಜಗಳ ಬೇಡ ಅಂತ. ನನಗೂ ತೆಗೆದುಕೊಳ್ಳಿ ಅಂದರು, ಇನ್ಶೂರೆನ್ಸ್‌ಗೆ ಬೇಕಾಗುತ್ತದೆ. ಆಮೇಲೆ ಕಾರಿನ ಕೆಳಗೆ ಹರಿಯುತ್ತಿದ್ದದ್ದನ್ನು ಬೆರಳಲ್ಲಿ ಮುಟ್ಟಿ ಮೂಸಿದರು. ಪೆಟ್ರೋಲ್ ಅಲ್ಲ, ಎಂಜಿನ್ ತಣ್ಣಗಿಡುವ ಕೂಲೆಂಟ್. ನಾನು ಅಷ್ಟು ಹೊತ್ತಿಗೆ ಎರಡು ಸಲ ಎಂಜಿನ್ ಸ್ಟಾರ್ಟ್ ಮಾಡಲು ನೋಡಿದ್ದೆ. "ಸ್ಟಾರ್ಟ್ ಆಗಿದ್ರೆ ಎಂಜಿನ್ನೂ ಹೋಗ್ತಿತ್ತು ಸಾರ್. ರೇಡಿಯೇಟರ್ ಒಡೆದಿದೆ" ಅಂದರು.

ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು, ಗೇರ್ ಪಾರ್ಕಿನಿಂದ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಅದಾದ ಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದರು. ಈ ಕ್ರಮ ಮುಖ್ಯ. ಮೊದಲೇ ಬ್ಯಾಟರಿ ಬಿಚ್ಚಿದರೆ ಆಟೋಮ್ಯಾಟಿಕ್ ಗೇರ್ ಪಾರ್ಕಿನಲ್ಲೇ ಲಾಕ್ ಆಗಿ ಕೂತುಬಿಡುತ್ತದೆ, ಬಟನ್ ಹ್ಯಾಂಡ್ ಬ್ರೇಕ್ ಇರುವ ಗಾಡಿಯಲ್ಲಿ ಅದೂ ಬಿಡುವುದಿಲ್ಲ. ತುಂಬಾ ಗಾಡಿಗಳಲ್ಲಿ ಗೇರ್ ಪಕ್ಕ ಒಂದು ಸಣ್ಣ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಸ್ಕ್ರೂಡ್ರೈವರ್ ಒತ್ತಿದರೆ ಲಾಕ್ ಬಿಡುತ್ತದಂತೆ. ಇಷ್ಟು ದಿನ ಅದೇ ಕಾರು ಓಡಿಸಿದ್ದೇನೆ, ಆ ಮುಚ್ಚಳ ಯಾಕಿದೆ ಅಂತ ಯೋಚಿಸಿಯೇ ಇರಲಿಲ್ಲ.

"ಹುಕ್ ಎಲ್ಲಿದೆ ಸಾರ್?" ಅಂದರು. ಯಾವ ಹುಕ್? ಸ್ಟೆಪ್ನಿ ಜಾಗದಲ್ಲಿ, ಜಾಕ್ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲಿ ಹೊಸದಾಗಿಯೇ ಮಲಗಿತ್ತು. ಬಂಪರಿನ ಮೇಲಿನ ಚೌಕ ಮುಚ್ಚಳ ತೆಗೆದು ತಿರುಪಿದರೆ ಕೂರುತ್ತದೆ. ಕೆಲವು ಗಾಡಿಯಲ್ಲಿ ಅದು ಉಲ್ಟಾ ತಿರುಪು. ಕಾರು ಎಳೆಯಲಿಕ್ಕೆ ಅಂತ ಕಂಪನಿಯವರೇ ಗಟ್ಟಿ ಜಾಗ ನೋಡಿ ಕೊಟ್ಟಿರುವುದು ಅದೊಂದೇ. ಕ್ರೇನ್ ಹುಡುಗ ಸುತ್ತಲು ಹೊರಟಿದ್ದ ಆರ್ಮ್‌ಗೆ ಕೈ ತೋರಿಸಿ, ಇಲ್ಲಿ ಎಳೆದಿದ್ದರೆ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟ್ ಕಿತ್ತು ಬರುತ್ತಿತ್ತು ಅಂದರು.

ಮಡಚಿದ ಚಕ್ರ ತಿರುಗುತ್ತಿರಲಿಲ್ಲ. ಅದರ ಕೆಳಗೆ ದೋಣಿಯಂಥ ಒಂದು ದಪ್ಪ ಪ್ಲಾಸ್ಟಿಕ್ ತಟ್ಟೆ ಇಟ್ಟರು. ಹಾಸು ಹಿಂದಕ್ಕೆ ಜಾರಿ ನೆಲಕ್ಕೆ ಬಾಗಿತು, ಕಾರನ್ನು ಮೇಲಕ್ಕೆಳೆಯುವ ವಿಂಚ್ ಯಂತ್ರದ ಕೇಬಲ್ ಬಿಗಿಯಾಯಿತು. ನಾನು ಹತ್ತಿರ ಹೋದೆ, ಗದರಿದರು. ಬಿಗಿಯಾದ ಕೇಬಲ್ ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ, ಅದರ ದಾರಿಯಲ್ಲಿ ಯಾರೂ ನಿಲ್ಲಬಾರದು. ಕೇಬಲ್ ಮೇಲೆ ಒಂದು ಒದ್ದೆ ಗೋಣಿಚೀಲ ಹೊದಿಸಿದ್ದೂ ಅದಕ್ಕೇ. ಕಾರು ಒಂದು ಚೂರೂ ಕಿರುಚದೆ ಮೇಲೆ ಹತ್ತಿತು. ಕಾರಿನ ಮೈಗೆ ಎಲ್ಲೂ ಕಟ್ಟಲಿಲ್ಲ, ಚಕ್ರಗಳಿಗೆ ಮಾತ್ರ ಬೆಲ್ಟ್. ಮೈಗೆ ಕಟ್ಟಿದರೆ ಗುಂಡಿ ಸಿಕ್ಕಾಗ ಸಸ್ಪೆನ್ಷನ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ನಮ್ಮ ಊರಿನ ಗುಂಡಿ ಗೊತ್ತಲ್ಲ.

ಕೊನೆಗೆ ಪೊರಕೆ ತೆಗೆದರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಗಾಜು, ಪ್ಲಾಸ್ಟಿಕ್ಕು, ಬಂಪರಿನ ಚೂರು ಎಲ್ಲ ಗುಡಿಸಿ ಈರುಳ್ಳಿ ಚೀಲಕ್ಕೆ ತುಂಬಿದರು. ಕೂಲೆಂಟ್ ಚೆಲ್ಲಿದ ಕಡೆ ಡಬ್ಬದಿಂದ ಮರಳು ಸುರಿದರು, ಬೈಕಿನವರು ಜಾರುತ್ತಾರೆ ಅಂತ.

ಅವರ ಜೊತೆಯೇ ಕ್ಯಾಬಿನಿನಲ್ಲಿ ಹೊರಟೆ. ಪೀಣ್ಯ ಫ್ಲೈಓವರ್, ಗೊರಗುಂಟೆಪಾಳ್ಯ, ಅಲ್ಲಿಂದ ರಿಂಗ್ ರೋಡಿನಲ್ಲಿ ಸುಮನಹಳ್ಳಿ, ನಾಗರಬಾವಿ ದಾಟಿ ಮೈಸೂರು ರಸ್ತೆಯ ವರ್ಕ್‌ಶಾಪು. ದಾರಿಯುದ್ದ ಮಾತು. ಲಾರಿ ಕ್ಲೀನರ್ ಆಗಿ ಶುರುಮಾಡಿದವರು, ದೊಡ್ಡ ಗಾಡಿಗಳ ಕೆಲಸವನ್ನೂ ಮಾಡಿದ್ದಾರೆ. ಕಾರು ಎತ್ತುವುದು ಮಗು ಎತ್ತಿದ ಹಾಗೆ, ಲಾರಿ ಬೇರೆ ಅಂದರು.

ಲಾರಿ ಕೆಟ್ಟು ಗಾಳಿ ಇಳಿದರೆ ಹಿಂದಿನ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಹಿಡಿಯುವುದು ಸ್ಪ್ರಿಂಗು, ಗಾಳಿ ಇರುವುದು ಅದನ್ನು ಬಿಡಿಸಲು. ಅದಕ್ಕೇ ಫ್ಲೈಓವರ್ ಮೇಲೆ ನಿಂತ ಲಾರಿಯನ್ನು ನೂರು ಜನ ತಳ್ಳಿದರೂ ಅಲುಗುವುದಿಲ್ಲ. ಕೆಳಗೆ ನುಗ್ಗಿ ಒಂದೊಂದೇ ಬ್ರೇಕಿನ ಬೋಲ್ಟ್ ತಿರುಪಿ ಸ್ಪ್ರಿಂಗ್ ಹಿಂದಕ್ಕೆ ಎಳೆಯಬೇಕು, ಇಲ್ಲವೇ ಬೇರೆ ಲಾರಿಯಿಂದ ಗಾಳಿ ತುಂಬಬೇಕು. ಆಮೇಲೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲದಿದ್ದರೆ ನನ್ನ ಹಳೇ ಕಾರಿನ ಕಥೆಯೇ. ಇಷ್ಟಾಗುವ ಹೊತ್ತಿಗೆ ಹಿಂದೆ ಎರಡು ಕಿಲೋಮೀಟರ್ ಹಾರ್ನು. "ಜನ ಬೈತಾರೆ ಸಾರ್, ನಾನು ಕೆಳಗೆ ಮಲಗಿರ್ತೀನಿ, ಕೇಳ್ಸತ್ತೆ" ಅಂದು ನಕ್ಕರು. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಕೆಟ್ಟು ನಿಂತ ಗಾಡಿಗೆ ನಾನೂ ಬೈದವನೇ, ಸುಮ್ಮನೆ ಕೂತೆ.

ಮಗುಚಿದ ಲಾರಿಗೆ ಎರಡು ಕ್ರೇನ್ ಬೇಕು. ಒಂದು ಎತ್ತಲು, ಇನ್ನೊಂದು ಆ ಕಡೆಗೆ ದಬಕ್ಕನೆ ಬೀಳದ ಹಾಗೆ ಹಿಡಿಯಲು. ಲೋಡು ಮೊದಲು ಇಳಿಸಿದರೆ ಒಳ್ಳೆಯದು. ಕೇಬಲ್‌ಗೆ ಬಲ ಸಾಲದಿದ್ದರೆ ಬಾವಿಯ ರಾಟೆಯಂಥದ್ದನ್ನು ನಡುವೆ ಹಾಕುತ್ತಾರೆ, ಎಳೆತ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. 2024ರ ಡಿಸೆಂಬರಿನಲ್ಲಿ ಇದೇ ರಸ್ತೆಯಲ್ಲಿ ನೆಲಮಂಗಲದ ಹತ್ತಿರ ಕಾರಿನ ಮೇಲೆ ಕಂಟೇನರ್ ಬಿದ್ದು ಒಂದೇ ಮನೆಯ ಆರು ಜನ ಹೋದರಲ್ಲ, ಆ ಮಾತು ಬಂತು. ಲೋಡಾದ ಕಂಟೇನರ್ ಅಂದರೆ ಮೂವತ್ತು ಟನ್‌ವರೆಗೂ ಇರಬಹುದು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ವೈಪರ್ ಶಬ್ದ ಮಾತ್ರ.

ಟೋಯಿಂಗ್ ಅಂದರೆ ನಮಗೆಲ್ಲ ನೆನಪಾಗುವುದು ನೋ ಪಾರ್ಕಿಂಗ್‌ನಿಂದ ಸ್ಕೂಟರ್ ಎತ್ತುತ್ತಿದ್ದ ಟೈಗರ್ ಗಾಡಿ. 2022ರ ಶುರುವಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತ್ತು. "ನಮ್ಮನ್ನೂ ಟೈಗರ್ ಅಂತಾನೇ ತಿಳ್ಕೊಂಡು ಬೈತಿದ್ರು" ಅಂದರು.

ಬಿಲ್ ಆರು ಸಾವಿರದ ಐನೂರು. ರಾತ್ರಿ, ಮಳೆ, ಫ್ಲಾಟ್‌ಬೆಡ್. ಚೌಕಾಸಿ ಮಾಡಲಿಲ್ಲ. ಇನ್ಶೂರೆನ್ಸ್‌ನಿಂದ ಅದರಲ್ಲಿ ವಾಪಸ್ ಬಂದದ್ದು 1500. ಪ್ರೈವೇಟ್ ಕಾರಿನ ಮಾಮೂಲಿ ಪಾಲಿಸಿಯಲ್ಲಿ ಎತ್ತಿ ಸಾಗಿಸುವ ಖರ್ಚಿಗೆ ಮಿತಿ ಅಷ್ಟೇ, ಬೈಕಿಗೆ 300. ಆ ದುಡ್ಡಿಗೆ ಇವತ್ತು ಮಾದಾವರದಿಂದ ಮೈಸೂರು ರಸ್ತೆಗಲ್ಲ, ದಾಸರಹಳ್ಳಿಗೂ ಯಾರೂ ಬರುವುದಿಲ್ಲ. ರೋಡ್ ಸೈಡ್ ಅಸಿಸ್ಟೆನ್ಸ್ ಅಂತ ಜಾಸ್ತಿ ದುಡ್ಡು ಕಟ್ಟಿ ತೆಗೆದುಕೊಂಡಿದ್ದರೆ ಎಷ್ಟು ಕಿಲೋಮೀಟರ್, ಆಕ್ಸಿಡೆಂಟ್‌ಗೂ ಉಂಟಾ, ಕೆಟ್ಟು ನಿಂತರೆ ಮಾತ್ರವಾ ಅಂತ ಈಗಲೇ ಓದಿ ನೋಡಿ. ನಾನು ಓದಿರಲಿಲ್ಲ. ರಿಪೇರಿ ಖರ್ಚು ಕಾರಿನ ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಬರೆದ ಬೆಲೆಯ, ನೂರಕ್ಕೆ 75 ದಾಟಿದರೆ ಟೋಟಲ್ ಲಾಸ್ ಅನ್ನುತ್ತಾರೆ. ನನ್ನದು ದಾಟಲಿಲ್ಲ. ಚೈನು ಸುತ್ತಿ ಎಳೆದಿದ್ದರೆ ದಾಟುತ್ತಿತ್ತೇನೋ ಅಂತ ಇನ್ಶೂರೆನ್ಸ್ ಪರವಾಗಿ ಕಾರು ನೋಡಲು ಬಂದ ಸರ್ವೇಯರ್ ಅಂದರು.

ಯಾರಿಗಾದರೂ ಜೋರು ಏಟಾಗಿ ಕೇಸಾದರೆ ಗಾಡಿ ಸ್ಟೇಷನ್ನಿಗೆ ಹೋಗುತ್ತದೆ, ಆರ್‌ಟಿಓದ ಇನ್‌ಸ್ಪೆಕ್ಟರ್ ಬ್ರೇಕು ಸ್ಟೀರಿಂಗು ನೋಡುತ್ತಾರೆ. ತನಿಖೆಯ ಕೆಲಸ ಮುಗಿಸಿ 24 ಗಂಟೆಯೊಳಗೆ ಗಾಡಿ ವಾಪಸ್ ಕೊಡಬೇಕು ಅಂತ ಕಾಯ್ದೆಯ 136ನೇ ಕಲಂ ಹೇಳುತ್ತದೆ. ಕೇಳಿ ಬಿಡಿಸಿಕೊಳ್ಳಿ. ಸ್ಟೇಷನ್ ಕಾಂಪೌಂಡಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಕಾರುಗಳನ್ನು ನೋಡಿದ್ದೀರಲ್ಲ.

ಹೆಂಡತಿಯ ಕೈಗೆ ಮೂರು ವಾರ ಪಟ್ಟಿ, ಈಗ ಸರಿಹೋಗಿದೆ. ಕಾರು ಐದು ವಾರಕ್ಕೆ ಬಂತು, ನಾಲ್ಕೂ ಹೊಸ ಟೈರು. ಅಮ್ಮ ನಿಂಬೆಹಣ್ಣು ಇಟ್ಟರು, ಭಾವಮೈದುನ ಹುಕ್ಕನ್ನು ಸ್ಟೆಪ್ನಿಯಿಂದ ತೆಗೆದು ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿದ. ಆ ಈರುಳ್ಳಿ ಚೀಲವನ್ನೂ ವರ್ಕ್‌ಶಾಪಿನವರು ಡಿಕ್ಕಿಯಲ್ಲಿ ಹಾಗೇ ಇಟ್ಟು ಕಳಿಸಿದ್ದರು. ಮೊನ್ನೆ ಎಸೆಯೋಣ ಅಂತ ಸುರಿದೆ. ಬಂಪರ್ ಚೂರು, ಹೆಡ್‌ಲೈಟಿನ ಗಾಜು, ನಂಬರ್ ಪ್ಲೇಟಿನ ಒಂದು ತುದಿ. ಅದರ ನಡುವೆ ಒಂದು ಹಿಂದಿನ ದೀಪದ ಕೆಂಪು ತುಂಡು, ಮಣ್ಣು ಹಿಡಿದು ಮಸುಕಾಗಿತ್ತು. ನನ್ನ ಕಾರಿನ ಹಿಂದಿನ ದೀಪ ಎರಡೂ ಒಡೆದಿರಲೇ ಇಲ್ಲ. ಆ ಕಟ್ಟೆಗೆ ನನಗಿಂತ ಮೊದಲು ಯಾರೋ ಬಡಿದಿದ್ದರು.