ಬೀದಿಗಿಳಿದರೆ ಏನಾಗುತ್ತೆ ಅಂತ ಕೇಳುವವರಿಗೆ

"ಧರಣಿ ಕೂತು, ಘೋಷಣೆ ಕೂಗಿ ಯಾವ ಸರ್ಕಾರ ಬಗ್ಗಿದೆ ಹೇಳಿ ನೋಡೋಣ?" ಚಳವಳಿಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ನಾನು ಕಾಗೋಡಿನ ಕಥೆ ತೆಗೆಯುತ್ತೇನೆ.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಜಗಳದ ಮೂಲ ಭತ್ತ ಅಳೆಯುವ ಕೊಳಗ. ಗೇಣಿ ಇಷ್ಟು ಕೊಳಗ ಅಂತ ಮೊದಲೇ ಮಾತಾಗಿರುತ್ತಿತ್ತು. ಆದರೆ ಸುಗ್ಗಿ ಮುಗಿದು ಅಳೆಯುವ ಹೊತ್ತಿಗೆ ಜಮೀನಿನ ಒಡೆಯರು ತರುತ್ತಿದ್ದ ಕೊಳಗ ಮಾಮೂಲಿಗಿಂತ ದೊಡ್ಡದು. ಎಣಿಕೆಯಲ್ಲಿ ಒಂದೂ ಹೆಚ್ಚಿಲ್ಲ, ರೈತನ ರಾಶಿ ಮಾತ್ರ ಕರಗುತ್ತದೆ. ಎಂಥ ನಾಜೂಕಿನ ಮೋಸ! ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರ ಮುಂದಾಳತ್ವದ ರೈತ ಸಂಘ, ಅಳತೆ ಸರಿ ಮಾಡಿ ಎಂದು ಪಟ್ಟು ಹಿಡಿಯಿತು. ಒಡೆಯರು ಗದ್ದೆ ಬಿಡಿಸಲು ಹೊರಟಾಗ ರೈತರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು, ಪೊಲೀಸರು ಹಿಡಿದೊಯ್ದರು. ಸಮಾಜವಾದಿಗಳು ಜೊತೆಯಾದರು. ಜೂನ್‌ನಲ್ಲಿ ಅವರ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರೂ ಬಂಧನಕ್ಕೊಳಗಾದರು.

ಆ ವರ್ಷದ ಮಟ್ಟಿಗೆ ರೈತರ ಕೈಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಕೇಳುವವರ ಮುಖದಲ್ಲಿ "ನಾನು ಹೇಳಲಿಲ್ವಾ" ಎಂಬ ಕಳೆ ಮೂಡುವುದು ಇಲ್ಲೇ. ತಡೆಯಿರಿ. 1952ರ ಚುನಾವಣೆಯಲ್ಲಿ ಅದೇ ಸೀಮೆಯಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಗದ್ದೆಯ ತಕರಾರು ಸದನ ಸೇರಿತು. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದ ಗೇಣಿದಾರರು ಉಳುವ ನೆಲಕ್ಕೇ ಒಡೆಯರಾದರು. ಅಷ್ಟರಲ್ಲಿ ಲೋಹಿಯಾ ಇರಲಿಲ್ಲ, ಗೋಪಾಲಗೌಡರೂ 1972ರಲ್ಲೇ ತೀರಿಕೊಂಡಿದ್ದರು.

ಉಪ್ಪಿನ ಸತ್ಯಾಗ್ರಹದ ಹಣೆಬರಹವೂ ಹೀಗೇ: 1930ರಲ್ಲಿ ದೇಶವೇ ಎದ್ದು ನಿಂತರೂ ಮರುವರ್ಷದ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಉಪ್ಪಿನ ಕಾನೂನು ರದ್ದಾಗಲಿಲ್ಲ. ಸರ್ಕಾರ ಬಗ್ಗುವುದು ನಿಧಾನ, ಅದೂ ಹಲವು ಸಲ ಬೇರೆಯವರ ಕೈಯಲ್ಲಿ. ಆದರೆ ಕೊಳಗವಾಗಲಿ ಉಪ್ಪಾಗಲಿ, ದಿನಾ ಕೈಗೆ ಸಿಗುವ ವಸ್ತುವನ್ನು ಹಿಡಿದು ಎದ್ದ ಚಳವಳಿ ಜನರಿಗೆ ಬೇಗ ಅರ್ಥವಾಗುತ್ತದೆ, ಬೇಗ ಮರೆಯುವುದಿಲ್ಲ. ಬರೀ "ವ್ಯವಸ್ಥೆ ಬದಲಾಗಲಿ" ಎಂಬ ಕೂಗಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಹಾಗಂತ 1974 ಎಲ್ಲರಿಗೂ ದಕ್ಕಲಿಲ್ಲ. ಕಾಯ್ದೆ ಬರುವ ಸುಳಿವು ಸಿಕ್ಕೊಡನೆ ಎಷ್ಟೋ ಕಡೆ ಒಡೆಯರು ಗೇಣಿದಾರರನ್ನು ಒಕ್ಕಲೆಬ್ಬಿಸಿದ್ದರು. ಬಾಯಿಮಾತಿನ ಗೇಣಿಯಲ್ಲಿ ಬದುಕಿದವರು ಮಂಡಳಿಯ ಮುಂದೆ ಸಾಕ್ಷಿಗಾಗಿ ಪರದಾಡಿದರು. ಕೂಲಿಯವರಿಗಂತೂ ಆ ಫಾರಂ ತುಂಬುವ ಹಕ್ಕೇ ಇರಲಿಲ್ಲ.